ಕೊನೇ 100 ಅಡಿಯಲ್ಲಿ ಕಣ್ಣು ಎಲ್ಲಿರ್ಬೇಕು: ಏರ್‌ಬಸ್ ಎ320 ವಿಮಾನ ಇಳಿಸೋದು ಕಲಿತ ನನ್ನ ಅನುಭವ

ಎ320 ರೇಟಿಂಗ್ (ಅದನ್ನ ಹಾರಿಸೋ ಅರ್ಹತೆ) ಮುಗಿಸಿ ಪ್ರಯಾಣಿಕರಿರೋ ಫ್ಲೈಟ್‌ಗಳಲ್ಲೇ ಕಲಿಯೋ ಲೈನ್ ಟ್ರೈನಿಂಗ್‌ಗೆ ಬಂದಾಗ ನನ್ನ ಅಪ್ರೋಚ್, ಅಂದ್ರೆ ರನ್‌ವೇ ಕಡೆ ಇಳಿದು ಬರೋ ಹಂತದ ಬಗ್ಗೆ ಯಾರದ್ದೂ ತಕರಾರು ಇರ್ಲಿಲ್ಲ. ಗ್ಲೈಡ್ ಸ್ಲೋಪ್ (ಇಳಿದು ಬರೋ ಇಳಿಜಾರು), ಸ್ಪೀಡ್, ಕಾನ್ಫಿಗರೇಷನ್ (ಚಕ್ರ, ಫ್ಲಾಪ್ ಇಳಿಸಿರೋದು) ಎಲ್ಲಾ 1000 ಅಡಿಗೆ ಮುಂಚೆನೇ ಸರಿ ಇರ್ತಿತ್ತು, ಆದ್ರೆ ಕೊನೇ 50 ಅಡಿ ಮಾತ್ರ ಒಂದೊಂದ್ ದಿನ ಒಂದೊಂದ್ ಥರ, ಇವತ್ತು ಧಡ್ ಅಂತ ಕೂತ್ರೆ ನಾಳೆ ರನ್‌ವೇ ಮೇಲೆ ತೇಲ್ಕೊಂಡು ಹೋಗ್ತಾನೇ ಇರ್ತಿತ್ತು, ಮಧ್ಯದಲ್ಲಿ ಒಂದು ಚೆನ್ನಾಗಿ ಆದ್ರೂ ಅದು ಹೇಗಾಯ್ತು ಅಂತ ನಂಗೆ ಹೇಳೋಕ್ ಬರ್ತಿರ್ಲಿಲ್ಲ. ಅದೇ ಜಾಸ್ತಿ ಕಾಡಿದ್ದು. ಚೆನ್ನಾಗಿ ಆಗಿದ್ದನ್ನ ಇನ್ನೊಂದ್ ಸಲ ಮಾಡೋಕೆ ಬರಲ್ಲ ಅಂದ್ರೆ ಅದು ಕಲಿತ ಹಾಗಲ್ವಲ್ಲ.

ಒಂದಿನ ಜೊತೆಗಿದ್ದ ಟ್ರೈನಿಂಗ್ ಕ್ಯಾಪ್ಟನ್ ಪಾರ್ಕಿಂಗ್ ಆದ್ಮೇಲೆ ಕೇಳಿದ್ರು, "ಫ್ಲೇರ್ ಟೈಮಲ್ಲಿ ನಿಮ್ಮ ಕಣ್ಣು ಎಲ್ಲಿರುತ್ತೆ?" ಫ್ಲೇರ್ ಅಂದ್ರೆ ನೆಲ ಮುಟ್ಟೋ ಮುಂಚೆ ಮೂಗು ಸ್ವಲ್ಪ ಎತ್ತಿ ಇಳಿಯೋದನ್ನ ನಿಧಾನ ಮಾಡೋದು. ಏಮಿಂಗ್ ಪಾಯಿಂಟ್ (ರನ್‌ವೇ ಮೇಲೆ ಗುರಿ ಇಡೋ ಜಾಗ) ಮೇಲೆ ಸರ್ ಅಂದೆ. "ಅದು ಮೂಗಿನ ಕೆಳಗೆ ಹೋದ್ಮೇಲೆ?" ನನ್ನ ಹತ್ರ ಉತ್ತರ ಇರ್ಲಿಲ್ಲ. ಅದು ಕಣ್ಮರೆ ಆಗ್ತಿದ್ದ ಹಾಗೆ ನಾನು ವಿಮಾನದ ಮುಂದಿನ ಟಾರನ್ನೇ ನೋಡ್ತಿದ್ದೆ, ಅದು ಅಷ್ಟು ವೇಗವಾಗಿ ಎದುರಿಗೆ ನುಗ್ಗಿ ಬರೋದು ಕಂಡು ಗಾಬರಿಯಲ್ಲಿ ಸೈಡ್‌ಸ್ಟಿಕ್ (ವಿಮಾನ ನಡೆಸೋ ಪಕ್ಕದ ಹಿಡಿ) ಎಳೀತಿದ್ದೆ. ಎಷ್ಟು ಗಾಬರಿಯೋ ಅಷ್ಟು ಫ್ಲೇರ್!

ಅವರು ಮೊದ್ಲು ಸರಿ ಮಾಡ್ಸಿದ್ದು ನನ್ನ ಸೀಟು. ಎ320ಯಲ್ಲಿ ಎದುರಿನ ಎರಡು ಗಾಜಿನ ಮಧ್ಯದ ಕಂಬದಲ್ಲಿ ಸಣ್ಣ ಗುಂಡುಗಳಿವೆ, ಬಿಳಿ ಗುಂಡು ಕೆಂಪು ಗುಂಡನ್ನ ಪೂರ್ತಿ ಮುಚ್ಚೋ ಹಾಗೆ ಸೀಟ್ ಹೊಂದಿಸ್ಕೊಂಡ್ರೆ ಕಣ್ಣು ಸರಿಯಾದ ಎತ್ತರದಲ್ಲಿದೆ ಅಂತ ಅರ್ಥ. ನಾನು ಆರಾಮಾಗಿರುತ್ತೆ ಅಂತ ಸ್ವಲ್ಪ ಕೆಳಗೇ ಕೂರ್ತಿದ್ದೆ, ಅದೂ ಒಂದೊಂದ್ ಫ್ಲೈಟಲ್ಲಿ ಒಂದೊಂದ್ ಎತ್ತರ. ಕಣ್ಣಿನ ಎತ್ತರ ದಿನಾ ಬದಲಾದ್ರೆ ರನ್‌ವೇ ಕಾಣೋ ರೀತಿನೂ ದಿನಾ ಬದಲಾಗುತ್ತೆ, ಇನ್ನು ಕೈಗೆ ಅಂದಾಜು ಸಿಗೋದ್ ಹೇಗೆ? ಅವತ್ತಿಂದ ಇವತ್ತಿನವರೆಗೂ ಕಾಕ್‌ಪಿಟ್‌ಗೆ ಹೋಗಿ ನಾನು ಮಾಡೋ ಮೊದಲ ಕೆಲ್ಸ ಅದೇ.

ಆಮೇಲೆ ಕಣ್ಣು. ಸುಮಾರು 100 ಅಡಿವರೆಗೆ ಏಮಿಂಗ್ ಪಾಯಿಂಟು ಗಾಜಲ್ಲಿ ಒಂದೇ ಜಾಗದಲ್ಲಿ ನಿಂತಿರ್ಬೇಕು, ಮೇಲಕ್ಕೆ ಜಾರಿದ್ರೆ ನಾವು ಅದಕ್ಕಿಂತ ಹಿಂದೆ ಬೀಳ್ತೀವಿ, ಕೆಳಕ್ಕೆ ಜಾರಿದ್ರೆ ದಾಟಿ ಹೋಗ್ತೀವಿ. ಅಲ್ಲಿಂದ ಕೆಳಗೆ ನಾನು ನಿಧಾನಕ್ಕೆ ನೋಟನ ಎತ್ತಿ ರನ್‌ವೇಯ ಆ ತುದಿಗೆ ಒಯ್ತೀನಿ. ಅಲ್ಲಿ ಇಟ್ರೆ ವಿಮಾನದ ಮೂಗು ಎಷ್ಟು ಏಳ್ತಿದೆ ಅನ್ನೋದು ನೇರವಾಗಿ ಕಾಣುತ್ತೆ, ಎರಡೂ ಅಂಚುಗಳು ಕಣ್ಣಿನ ಪಕ್ಕದಿಂದ ಮೇಲೇರಿ ಬರೋದ್ರಲ್ಲಿ ಎಷ್ಟು ಜೋರಾಗಿ ಇಳೀತಿದೀವಿ ಅಂತ ತಾನಾಗೇ ತಿಳಿಯುತ್ತೆ. ಒಮ್ಮೆಲೇ ಎತ್ತಬಾರ್ದು, ಬೇಗ ಎತ್ತಿಬಿಟ್ರೆ ಗೊತ್ತಿಲ್ಲದ ಹಾಗೆ ಕೈಯೂ ಅದರ ಜೊತೆ ಏಳುತ್ತೆ, ನಂಗೆ ಎರಡ್ಮೂರು ಸಲ ಹಾಗಾಯ್ತು.

ಲೆಕ್ಕ ಹಾಕಿದ್ರೆ ಟೈಮ್ ಎಷ್ಟು ಕಮ್ಮಿ ಅಂತ ಗೊತ್ತಾಗುತ್ತೆ. 3 ಡಿಗ್ರಿ ಇಳಿಜಾರು, ಗ್ರೌಂಡ್ ಸ್ಪೀಡ್ 140 ನಾಟ್ (ಗಂಟೆಗೆ ಸುಮಾರು 260 ಕಿ.ಮೀ.) ಅಂದ್ರೆ ನಿಮಿಷಕ್ಕೆ 700 ಅಡಿ ಚಿಲ್ಲರೆ, ಸೆಕೆಂಡಿಗೆ 12 ಅಡಿ. ಅಂದ್ರೆ 30 ಅಡಿಯಲ್ಲಿ ಏನೂ ಮಾಡದೇ ಕೂತ್ರೆ ಎರಡೂವರೆ ಸೆಕೆಂಡಲ್ಲಿ ನೆಲ. ಆ ಹೊತ್ತಲ್ಲಿ ಯೋಚನೆ ಮಾಡೋಕಾಗಲ್ಲ, ಕಂಡಿದ್ದಕ್ಕೆ ಕೈ ಹೋಗ್ಬೇಕು, ಅದಕ್ಕೇ ಸರಿಯಾದ್ದು ಕಾಣ್ಬೇಕು. ಇನ್ನೊಂದು, ಎ320 ಸುಮಾರು 50 ಅಡಿಯಲ್ಲಿ ಆಗಿನ ಪಿಚ್ಚನ್ನ (ಮೂಗಿನ ಕೋನ) ನೆನಪಿಟ್ಕೊಂಡು 30 ಅಡಿಯಿಂದ ಮೂಗನ್ನ ತಾನೇ ಮೆಲ್ಲಗೆ ಕೆಳಗೆ ಬಿಡ್ತಾ ಹೋಗುತ್ತೆ, ಮಾಮೂಲಿ ವಿಮಾನದ ಹಾಗೆ ಪೈಲಟ್ ಹಿಂದಕ್ಕೆ ಎಳೀಲಿ ಅಂತಾನೇ ಹಾಗೆ ಮಾಡಿದಾರೆ. ಸ್ಟಿಕ್ಕನ್ನ ಒಂದೇ ಹಿಡಿತದಲ್ಲಿ ಸ್ವಲ್ಪ ಎಳೆದು ಹಾಗೇ ಹಿಡಿದ್ರೆ ಸಾಕು. ನಾನು ಎಳೆದು ಬಿಟ್ಟು ಎಳೆದು ಬಿಟ್ಟು ಮಾಡ್ತಿದ್ದೆ, ಹಾಗೆ ಮಾಡಿದ್ರೆ ವಿಮಾನ ಹಿಂದಿನ ಎಳೆತಕ್ಕೆ ಏನ್ ಮಾಡ್ತು ಅಂತ ನೋಡೋಕೂ ಪುರುಸೊತ್ತಿರಲ್ಲ. 20 ಅಡಿಯಲ್ಲಿ "ರಿಟಾರ್ಡ್" ಅಂತ ವಿಮಾನ ಕೂಗೋದು ಥ್ರಸ್ಟ್ ಲೀವರ್ (ಎಂಜಿನ್ ಶಕ್ತಿಯ ಹಿಡಿ) ಹಿಂದೆ ತರ್ಬೇಕು ಅಂತ ನೆನಪು ಮಾಡೋಕೆ, ಗಾಳಿ ಹೊಯ್ದಾಡ್ತಿರೋ ದಿನ ಲೀವರ್‌ನ ಒಂಚೂರು ತಡವಾಗಿ ಹಿಂದೆ ತರ್ತೀನಿ. ಆದ್ರೆ ಚಕ್ರ ಮುಟ್ಟೋದ್ರೊಳಗೆ ಐಡಲ್‌ಗೆ (ಎಂಜಿನ್‌ನ ಕನಿಷ್ಠ ಶಕ್ತಿಗೆ) ಬಂದಿರ್ಲೇಬೇಕು, ಇಲ್ಲಾಂದ್ರೆ ಗ್ರೌಂಡ್ ಸ್ಪಾಯ್ಲರ್ (ರೆಕ್ಕೆ ಮೇಲೆ ಎದ್ದು ವಿಮಾನನ ನೆಲಕ್ಕೆ ಒತ್ತೋ ಹಲಗೆ) ಪೂರ್ತಿ ಏಳಲ್ಲ.

ಈಗ ಹೂವಿನ ಥರ ಇಳಿಸ್ಬೇಕು ಅನ್ನೋ ಆಸೆ ಬಗ್ಗೆ. ನಂಗೂ ಅದಿತ್ತು. ಒಂದು ರಾತ್ರಿ ಮಳೆ ನಿಂತು ರನ್‌ವೇ ಒದ್ದೆ ಇತ್ತು, ಅಗಲವಾದ ರನ್‌ವೇ, ಅಗಲವಾಗಿದ್ರೆ ನಾವು ಇರೋದಕ್ಕಿಂತ ಕೆಳಗಿದೀವಿ ಅನ್ಸುತ್ತೆ ಅಂತ ಓದಿದ್ದೆ, ಆದ್ರೂ ಸ್ವಲ್ಪ ಮೇಲೇ ಫ್ಲೇರ್ ಮಾಡ್ಬಿಟ್ಟೆ. ವಿಮಾನ ತೇಲ್ತು. ಮೆತ್ತಗೆ ಕೂರುತ್ತೆ, ಇನ್ನೇನು ಕೂರುತ್ತೆ ಅಂತ ಕಾಯ್ತಾ ಇದ್ದೆ, ಟಚ್‌ಡೌನ್ ಝೋನಿನ (ಚಕ್ರ ಮುಟ್ಬೇಕಾದ ಜಾಗದ) ಗುರುತುಗಳು ಒಂದೊಂದಾಗಿ ಕೆಳಗೆ ಹೋಗ್ತಿದ್ವು. ಕ್ಯಾಪ್ಟನ್ "ಗೋ ಅರೌಂಡ್" ಅಂದ್ರು, ಲೀವರ್ ಪೂರ್ತಿ ಮುಂದೆ ಹಾಕಿ ಇಳಿಯದೇ ವಾಪಸ್ ಮೇಲಕ್ಕೆ ಹೊರಟ್ವಿ. 140 ನಾಟಲ್ಲಿ ಸೆಕೆಂಡಿಗೆ 72 ಮೀಟರ್ ಹೋಗುತ್ತೆ, ಮೂರು ಸೆಕೆಂಡ್ ಕಾದ್ರೆ 200 ಮೀಟರ್ ಮೇಲೆ ರನ್‌ವೇ ಹೋಯ್ತು, ಅದೂ ಬ್ರೇಕು, ಸ್ಪಾಯ್ಲರ್, ರಿವರ್ಸ್ (ಎಂಜಿನ್ ಗಾಳಿನ ಮುಂದಕ್ಕೆ ತಿರುಗಿಸಿ ವೇಗ ತಗ್ಗಿಸೋದು) ಯಾವುದೂ ಕೆಲಸ ಮಾಡದಿರೋ ಗಾಳಿಯಲ್ಲಿ. ಒದ್ದೆ ರನ್‌ವೇ ಮೇಲೆ ಸ್ವಲ್ಪ ಗಟ್ಟಿಯಾಗಿ ಕೂರ್ಸಿದ್ರೆ ಟೈರು ನೀರಿನ ಪದರ ಒಡೆದು ನೆಲ ಹಿಡಿಯುತ್ತೆ, ಇದನ್ನ ಪ್ರಯಾಣಿಕರು ಒಳ್ಳೇ ಲ್ಯಾಂಡಿಂಗ್ ಅಂತ ಒಪ್ಪದೇ ಇರ್ಬಹುದು, ನಾನು ಒಪ್ತೀನಿ. ಗೋ ಅರೌಂಡ್ ಅನ್ನೋ ಮಾತು ಅವತ್ತು ನನ್ನ ಬಾಯಿಂದ ಬರ್ಬೇಕಿತ್ತು. ಅದಾದ್ಮೇಲೆ ಬ್ರೀಫಿಂಗಲ್ಲೇ ಯಾವ ಗುರುತಿನೊಳಗೆ ಕೂರ್ಬೇಕು ಅಂತ ಜೋರಾಗಿ ಹೇಳ್ಕೋತೀನಿ, ದಾಟಿದ್ರೆ ವಾಪಸ್ ಮೇಲಕ್ಕೆ. ಗೋ ಅರೌಂಡ್ ಮಾಡಬಾರದ ಟೈಮ್ ಒಂದೇ, ರಿವರ್ಸ್ ಎಳೆದ್ಮೇಲೆ, ಆಗ ನಿಲ್ಲಿಸ್ಲೇಬೇಕು.

ಅಡ್ಡಗಾಳಿ ಇದ್ದಾಗ ಕಣ್ಣಿಗೆ ಇನ್ನೊಂದು ಪರೀಕ್ಷೆ. ಮೂಗು ಗಾಳಿ ಕಡೆ ತಿರುಗಿರುತ್ತೆ, ರನ್‌ವೇ ಪಕ್ಕದ ಗಾಜಿನ ಕಡೆ ಕಾಣುತ್ತೆ, ನೋಡ್ಬೇಕಾದ್ದು ಮೂಗು ಹೋಗೋ ಕಡೆ ಅಲ್ಲ, ರನ್‌ವೇ ತುದಿನೇ. ಫ್ಲೇರ್‌ನಲ್ಲಿ ರಡ್ಡರ್ (ಬಾಲದ ಚುಕ್ಕಾಣಿ) ಪೆಡಲ್ ಒತ್ತಿ ಮೂಗನ್ನ ನಡುಗೆರೆಗೆ ತರ್ತೀನಿ, ಆಗ ಗಾಳಿ ಕಡೆ ರೆಕ್ಕೆ ಏಳೋಕ್ ನೋಡುತ್ತೆ, ಅದಕ್ಕೆ ಸ್ಟಿಕ್ ಸ್ವಲ್ಪ ಆ ಕಡೆಗೆ. ಟ್ರೈನರ್ ವಿಮಾನದ ಅಭ್ಯಾಸದಲ್ಲಿ ನಾನು ಸ್ಟಿಕ್ಕನ್ನ ಹಾಗೇ ಅಡ್ಡ ಹಿಡ್ಕೊಂಡಿರ್ತಿದ್ದೆ, ಎ320ಯಲ್ಲಿ ಸ್ಟಿಕ್ ಎಷ್ಟು ತಳ್ತೀವೋ ಅಷ್ಟು ವೇಗವಾಗಿ ವಾಲು ಅಂತ ಅರ್ಥ, ಹಿಡ್ಕೊಂಡೇ ಇದ್ರೆ ವಿಮಾನ ವಾಲ್ತಾನೇ ಹೋಗುತ್ತೆ. ಬೇಕಾದಷ್ಟು ಕೊಟ್ಟು ನಡುವಿಗೆ ತರ್ಬೇಕು. ಗಾಳಿ ತುಂಬಾ ಇದ್ರೆ ಪೂರ್ತಿ ನೆಟ್ಟಗೆ ಮಾಡೋ ಹಠ ಬೇಡ, 5 ಡಿಗ್ರಿವರೆಗೆ ಓರೆಯಾಗಿ ಕೂತ್ರೂ ಗೇರ್ (ಚಕ್ರಗಳ ಕಾಲು) ತಡ್ಕೊಳ್ಳುತ್ತೆ.

ಮೇನ್ ಗೇರ್ ಮುಟ್ಟಿದ ಕೂಡ್ಲೇ ಕೆಲ್ಸ ಮುಗೀತು ಅಂತ ಸ್ಟಿಕ್ ಬಿಡೋದು ನನ್ನ ಇನ್ನೊಂದು ತಪ್ಪಾಗಿತ್ತು, ಮೂಗಿನ ಚಕ್ರ ಜೋರಾಗಿ ಬೀಳ್ತಿತ್ತು. ಈಗ ಅದನ್ನೂ ಕೈಯಲ್ಲೇ ಇಳಿಸ್ತೀನಿ, ಸ್ಪಾಯ್ಲರ್ ಎದ್ದಿದ್ದು ಪಕ್ಕದವರು ಕೂಗಿ ಹೇಳೋವರೆಗೆ ಕಿವಿ ಅಲ್ಲೇ ಇರುತ್ತೆ, 70 ನಾಟಿಗೆ ರಿವರ್ಸ್ ಐಡಲ್‌ಗೆ ತರ್ತೀನಿ, ಕಣ್ಣು ಮಾತ್ರ ಟ್ಯಾಕ್ಸಿ ಸ್ಪೀಡ್ ಬರೋವರೆಗೂ ದೂರದ ತುದಿ ಬಿಟ್ಟು ಒಳಗೆ ಬರಲ್ಲ.