ಕ್ಯಾಬಿನೆಟ್‌ಗೆ ಮೋಲ್ಡಿಂಗ್ ಎಳೆಯುವ ಮುಂಚೆ

ಸಾಫ್ಟ್‌ವೇರ್‌ನಲ್ಲಿ ಅಡುಗೆಮನೆ ಡಿಸೈನ್ ಮಾಡುತ್ತಿರುವವರಿಗೆ ಒಂದು ಮಾತು. ಬಣ್ಣ, ಹ್ಯಾಂಡಲ್ ಎಲ್ಲ ಆಮೇಲೆ ನೋಡಿಕೊಳ್ಳಬಹುದು. ಮೊದಲು ಗೋಡೆ ಮತ್ತು ಸೀಲಿಂಗ್‌ನ ಅಳತೆ ಸರಿಯಾಗಿ ಕೊಡಿ.

ಕ್ಯಾಬಿನೆಟ್‌ಗಳ ಎರಡು ಸಾಲು ಸೇರುವ ಮೂಲೆ ಇದೆಯಲ್ವಾ, ಜಾಸ್ತಿ ತೊಂದರೆ ಅಲ್ಲೇ. ಸ್ಕ್ರೀನ್ ಮೇಲೆ ಕ್ಯಾಬಿನೆಟ್‌ಗಳನ್ನು ಒಂದಕ್ಕೊಂದು ಅಂಟಿಸಿದರೆ ಚೆನ್ನಾಗೇ ಕಾಣುತ್ತದೆ. ಆದರೆ ಡ್ರಾಯರ್ ಎಳೆದರೆ ಪಕ್ಕದ ಸಾಲಿನ ಹ್ಯಾಂಡಲ್‌ಗೆ ಬಡಿಯುತ್ತದೆ. ಅಲ್ಲಿ 2–3 ಇಂಚಿನ ಫಿಲ್ಲರ್ ಪಟ್ಟಿ (ನಡುವಿನ ಜಾಗ ತುಂಬುವ ಪಟ್ಟಿ) ಇಡಿ. ಹ್ಯಾಂಡಲ್ ದಪ್ಪ ಇದ್ದರೆ ಇನ್ನೂ ಸ್ವಲ್ಪ ಜಾಸ್ತಿ ಬೇಕಾಗಬಹುದು. ಬಾಗಿಲು, ಡ್ರಾಯರ್ ಎಲ್ಲ ತೆರೆದಿಟ್ಟು ಮೇಲಿನಿಂದ ಒಮ್ಮೆ ನೋಡಿಬಿಡಿ.

ಇನ್ನು ಕ್ರೌನ್ ಮೋಲ್ಡಿಂಗ್, ಅಂದರೆ ಕ್ಯಾಬಿನೆಟ್‌ನ ಮೇಲಂಚಿಗೆ ಕೂರಿಸುವ ಅಲಂಕಾರದ ಪಟ್ಟಿ. ಒಂದೊಂದು ಕ್ಯಾಬಿನೆಟ್‌ಗೂ ಬೇರೆ ಬೇರೆ ಹಾಕಬೇಡಿ, ಸೇರುವ ಕಡೆ ಸುಮ್ನೆ ಗೆರೆ ಬೀಳುತ್ತದೆ. ಇಡೀ ಸಾಲಿಗೆ ಒಂದೇ ಪಾತ್ (ಮೋಲ್ಡಿಂಗ್ ಸಾಗುವ ದಾರಿಯ ಗೆರೆ) ಎಳೆಯಿರಿ. ಸ್ಕೆಚ್‌ಅಪ್ ಎಂಬ 3ಡಿ ಡಿಸೈನ್ ಸಾಫ್ಟ್‌ವೇರ್ ಬಳಸುವವರು ಮೊದಲು ಪಾತ್ ಸೆಲೆಕ್ಟ್ ಮಾಡಿ, ಆಮೇಲೆ ಫಾಲೋ ಮಿ ಟೂಲ್ (ಒಂದು ಆಕಾರವನ್ನು ಪಾತ್ ಉದ್ದಕ್ಕೂ ಎಳೆಯುವ ಟೂಲ್) ತೆಗೆದುಕೊಂಡು, ಕೊನೆಗೆ ಪ್ರೊಫೈಲ್, ಅಂದರೆ ಮೋಲ್ಡಿಂಗ್ ಅಡ್ಡ ಕೊಯ್ದರೆ ಕಾಣುವ ಆಕಾರದ ಮೇಲೆ ಕ್ಲಿಕ್ ಮಾಡಿ. ಪ್ರೊಫೈಲ್ ಪಾತ್‌ಗೆ ಅಡ್ಡವಾಗಿ, 90 ಡಿಗ್ರಿಯಲ್ಲಿ ನಿಂತಿರಲಿ. ಇಲ್ಲದಿದ್ದರೆ ಆಕಾರ ಸೊಟ್ಟಗಾಗುತ್ತದೆ.

ಮೋಲ್ಡಿಂಗ್ ಮುಂದಕ್ಕೆ ಚಾಚಿರುತ್ತದೆ. ಹಾಗಾಗಿ ಬಾಗಿಲು ತೆರೆಯುವಾಗ ತಾಗದಂತೆ ಅದರ ಕೆಳಗಿನ ಅಂಚು ಬಾಗಿಲಿನ ಮೇಲಿನ ಅಂಚಿಗಿಂತ ಸ್ವಲ್ಪ ಮೇಲೇ ಇರಬೇಕು. 3ಡಿ ಚಿತ್ರದಲ್ಲಿ ಇದು ಗೊತ್ತಾಗುವುದಿಲ್ಲ, ಸೆಕ್ಷನ್ ವ್ಯೂನಲ್ಲೇ (ಅಡ್ಡ ಸೀಳಿ ತೋರಿಸುವ ನೋಟದಲ್ಲೇ) ನೋಡಿ.