ಕೂಸಿಗಿಂತ ಮುಂಚೆ ಕುಲಾವಿ: ನನ್ನ ಆರ್‌ಎಕ್ಸ್ ಡ್ರ್ಯಾಗ್ ಇಂಜಿನ್ ಕಥೆ

ಡ್ರ್ಯಾಗ್ ಅಂದರೆ ನಿಂತಲ್ಲಿಂದ ಹೊರಟು ನೇರ ರಸ್ತೆಯಲ್ಲಿ 402 ಮೀಟರ್, ಅಂದರೆ ಕಾಲು ಮೈಲಿ, ಓಡುವ ರೇಸು. ಅದಕ್ಕೆ ಕಟ್ಟಿದ ಇಂಜಿನ್‌ಗೆ ನಾನು ಮೊದಲು ಕೊಂಡದ್ದು ಕಾರ್ಬ್ಯುರೇಟರ್, ಗಾಳಿಗೆ ಪೆಟ್ರೋಲ್ ಬೆರೆಸುವ ಸಾಮಾನು. 28 ಎಂಎಂ ಬಾಯಿಯ, ಕೀಹಿನ್ ಕಂಪನಿಯದ್ದು. ಬೆಂಗಳೂರಿನ ಜೆ.ಸಿ. ರೋಡಿನಲ್ಲಿ ತಗೊಂಡು, ರಾತ್ರಿ ಬಸ್ಸಿನಲ್ಲಿ ತೊಡೆಯ ಮೇಲೇ ಇಟ್ಟುಕೊಂಡು ಶಿವಮೊಗ್ಗಕ್ಕೆ ತಂದೆ. ಆಗ ನನ್ನ ಹತ್ತಿರ ಇಂಜಿನ್ನೇ ಇರಲಿಲ್ಲ. ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸಿದ ಹಾಗೆ. ಆ ಕಾರ್ಬ್ ಒಂದೂವರೆ ವರ್ಷ ಶೆಲ್ಫಿನಲ್ಲೇ ಕೂತಿತ್ತು.

ಗಾಡಿ ಸಿಕ್ಕಿದ್ದು ತೀರ್ಥಹಳ್ಳಿ ಕಡೆಯ ಒಂದು ಅಡಿಕೆ ತೋಟದ ಮನೆಯಲ್ಲಿ. ಯಮಹಾ ಆರ್‌ಎಕ್ಸ್ 135. ಕೊಟ್ಟಿಗೆಯಲ್ಲಿ ಸೊಪ್ಪಿನ ಹೊರೆಯ ಪಕ್ಕ ಎಷ್ಟೋ ಮಳೆಗಾಲ ನೋಡಿ ಮಲಗಿತ್ತು. ಎಲ್ಲರೂ ಆರ್‌ಎಕ್ಸ್ 100 ಅಂತ ಜೀವ ಬಿಡುತ್ತಾರೆ, ಅದರ ರೇಟು ಕೇಳಿದರೆ ತಲೆ ತಿರುಗುತ್ತದೆ. ಆದರೆ ಲೆಕ್ಕ ನೋಡಿ. ನೂರರದ್ದು ಬೋರ್ (ಸಿಲಿಂಡರಿನ ಅಗಲ) 50 ಎಂಎಂ, ಸ್ಟ್ರೋಕ್ (ಪಿಸ್ಟನ್ ಓಡುವ ದೂರ) 50, ಒಟ್ಟು 98 ಸಿಸಿ. 135ರದ್ದು ಸ್ಟ್ರೋಕ್ ಅದೇ 50, ಬೋರ್ ಮಾತ್ರ 58. ಅಲ್ಲಿಗೆ 132 ಸಿಸಿ. ಪಿಸ್ಟನ್ ಓಡುವ ದೂರ ಅಷ್ಟೇ, ಉರಿಯುವ ಜಾಗ ಮಾತ್ರ ಜಾಸ್ತಿ. ನನಗೆ ಬೇಕಾದದ್ದು ಹೆಸರಲ್ಲ, ಸಿಸಿ.

ಇಲ್ಲಿ ಒಂದು ಮಾತು. ನನ್ನ ತಲೆ ಕೆಡಿಸಿದ್ದೂ, ಆಮೇಲೆ ಸರಿ ಮಾಡಿದ್ದೂ ಅಮೆರಿಕದ ಬಿಗ್ ಬ್ಲಾಕ್ ಅನ್ನುವ ದೊಡ್ಡ ಕಾರ್ ಇಂಜಿನ್‌ಗಳು. ಶೆವರ್ಲೆ 454 ಅಂತ ಒಂದಿದೆ. ಎಂಟು ಸಿಲಿಂಡರ್, 7.4 ಲೀಟರ್. ಅದರ ಒಂದೇ ಸಿಲಿಂಡರಿನಲ್ಲಿ ನನ್ನ ಗಾಡಿಯಂಥ ಏಳು ಇಂಜಿನ್ ಹಿಡಿಯುತ್ತವೆ. ಅದನ್ನು ಕಟ್ಟುವವರು ಮೊದಲು ಕೇಳುವ ಪ್ರಶ್ನೆ, ಈ ಇಂಜಿನ್ ಎಷ್ಟು ಆರ್‌ಪಿಎಂನಲ್ಲಿ (ನಿಮಿಷಕ್ಕೆ ಎಷ್ಟು ಸುತ್ತಿನಲ್ಲಿ) ಕೆಲಸ ಮಾಡಬೇಕು ಅಂತ. ಅದನ್ನು ನೋಡಿಕೊಂಡು ಹೆಡ್, ಅಂದರೆ ಸಿಲಿಂಡರಿನ ಮುಚ್ಚಳ, ಆರಿಸುತ್ತಾರೆ. ರೋಡಿನಲ್ಲಿ ಓಡುವುದಕ್ಕೆ ಮೊಟ್ಟೆಯಾಕಾರದ ಸಣ್ಣ ಪೋರ್ಟಿನ (ಗಾಳಿ ಹೋಗುವ ಕಿಂಡಿಯ) ಹೆಡ್, ಜೋರಾಗಿ ತಿರುಗುವುದಕ್ಕೆ ದೊಡ್ಡ ಆಯತಾಕಾರದ ಪೋರ್ಟಿನದ್ದು. ದೊಡ್ಡದನ್ನು ತಂದು ಕಡಿಮೆ ಆರ್‌ಪಿಎಂ ಇಂಜಿನ್‌ಗೆ ಹಾಕಿದರೆ ಗಾಳಿಯ ವೇಗ ಬಿದ್ದು ಗಾಡಿ ಸೋಮಾರಿಯಾಗುತ್ತದೆ. ಇದನ್ನು ಓದಿದಾಗ ಶೆಲ್ಫಿನ ಕಡೆ ನೋಡಿ ನನಗೆ ನಾಚಿಕೆಯಾಯಿತು.

ತೋಟದವರಿಗೆ ಇದು ಹೇಳಿಕೊಡಬೇಕಾಗಿಯೇ ಇಲ್ಲ. ಸ್ಪ್ರಿಂಕ್ಲರ್‌ಗೆ ಪಂಪಿನ ಶಕ್ತಿ ನೋಡದೆ ದೊಡ್ಡ ಜೆಟ್ ಹಾಕಿದರೆ ಏನಾಗುತ್ತದೆ? ನೀರು ದೂರ ಹಾರುವುದಿಲ್ಲ, ಬುಡದಲ್ಲೇ ಸುರಿಯುತ್ತದೆ. ಕಾರ್ಬೂ ಹಾಗೇ. ಬಾಯಿ ದೊಡ್ಡದಿದ್ದು ಗಾಳಿ ನಿಧಾನಕ್ಕೆ ಬಂದರೆ ಪೆಟ್ರೋಲನ್ನು ಸರಿಯಾಗಿ ಎತ್ತಿ ಚೂರು ಮಾಡುವುದಿಲ್ಲ. ಮಿಕ್ಕ ಇಂಜಿನ್ ಮುಟ್ಟದೆ ಆ 28 ಅನ್ನು ಒಮ್ಮೆ ಹಾಕಿ ನೋಡಿದ್ದೆ. ಕಂಪನಿ ಕಾರ್ಬಿಗಿಂತ ಗಾಡಿ ನಿಧಾನ ಆಯಿತು!

ಹಾಗಾಗಿ ಪಾಟಿ ತೊಳೆದು ಮೊದಲಿನಿಂದ ಶುರು ಮಾಡಿದೆ. ಒಂದು ನಂಬರ್ ಬರೆದುಕೊಂಡೆ: 9500 ಆರ್‌ಪಿಎಂ. ಪವರ್ ಅಲ್ಲಿ ತುದಿ ಮುಟ್ಟಬೇಕು. 11,000 ಅಂತ ಬರೆಯುವ ಆಸೆ ಇತ್ತು. ಆದರೆ ಆ ತಿರುಗಾಟಕ್ಕೆ ಬೇಕಾದ ಕ್ರ್ಯಾಂಕು (ಪಿಸ್ಟನ್ನಿನ ಏರಿಳಿತವನ್ನು ತಿರುಗಾಟ ಮಾಡುವ ದಂಡ), ಪಿಸ್ಟನ್ನು ನನ್ನ ಜೇಬಿಗೆ ದೂರ.

ಆ ನಂಬರಿನಿಂದ ಹಿಂದಕ್ಕೆ ನಡೆದರೆ ನನ್ನ ಗಾಡಿಯಂಥ ಟೂ ಸ್ಟ್ರೋಕಿನಲ್ಲಿ ಮೊದಲು ಸಿಗುವುದು ಎಕ್ಸಾಸ್ಟ್ ಪೋರ್ಟ್ (ಸಿಲಿಂಡರಿನ ಗೋಡೆಯಲ್ಲಿ ಹೊಗೆ ಹೋಗುವ ಕಿಂಡಿ) ಮತ್ತು ಹೊಗೆಯ ಪೈಪು. ಇವೆರಡು ಗಂಡ ಹೆಂಡಿರ ಹಾಗೆ, ಒಂದನ್ನು ಬಿಟ್ಟು ಇನ್ನೊಂದನ್ನು ಆರಿಸುವ ಹಾಗಿಲ್ಲ. ಮಕ್ಕಳ ಕಂಪಾಸ್ ಬಾಕ್ಸಿನ ಕೋನಮಾಪಕವನ್ನೇ ದೊಡ್ಡದಾಗಿ ಜೆರಾಕ್ಸ್ ಮಾಡಿಸಿ ಕ್ರ್ಯಾಂಕಿನ ತುದಿಯ ಮ್ಯಾಗ್ನೆಟ್ ಚಕ್ರದ ಮೇಲೆ ಅಂಟಿಸಿದೆ. ತಂತಿಯ ಮುಳ್ಳು ಇಟ್ಟು ಕ್ರ್ಯಾಂಕ್ ತಿರುಗಿಸಿ, ಪೋರ್ಟ್ ಎಷ್ಟು ಡಿಗ್ರಿ ತೆರೆದಿರುತ್ತದೆ ಅಂತ ಅಳೆದೆ. ಮೇಲಂಚನ್ನು ಸ್ವಲ್ಪ ಸ್ವಲ್ಪವೇ ಎತ್ತಿ 190 ಡಿಗ್ರಿಗೆ ತಂದೆ. ಅಗಲಕ್ಕೆ ಹೋಗುವಾಗ ಮಾತ್ರ ಕೈ ಬಿಗಿ ಹಿಡಿದೆ. ಬೋರಿನ ಶೇ 65 ದಾಟಿದರೆ, ಅಂದರೆ 58ಕ್ಕೆ ಸುಮಾರು 38 ಎಂಎಂ, ಪಿಸ್ಟನ್ನಿನ ರಿಂಗ್ ಹೊರಗೆ ಉಬ್ಬಿ ಪೋರ್ಟಿನ ಅಂಚಿಗೆ ಸಿಕ್ಕಿಹಾಕಿಕೊಳ್ಳುವ ಭಯ. ಅಂಚುಗಳನ್ನು ಎಮರಿ ಪೇಪರಿನಲ್ಲಿ ಉಜ್ಜಿ ನುಣುಪು ಮಾಡುವುದಕ್ಕೇ ಒಂದು ಭಾನುವಾರ ಹೋಯಿತು. ಹೊಸ ಪೆಟ್ರೋಲ್ ಗಾಳಿ ಒಳಗೆ ಬರುವ ಟ್ರಾನ್ಸ್‌ಫರ್ ಪೋರ್ಟ್ ಮುಟ್ಟಲಿಲ್ಲ. ಕೆಡಿಸಿದರೆ ಮತ್ತೆ ತುಂಬಿಸಲಿಕ್ಕೆ ಬರುವುದಿಲ್ಲ ಅಲ್ವಾ.

ಪೈಪಿಗೆ ಒಂದು ಹಳೇ ಲೆಕ್ಕ ಇದೆ. ಪೋರ್ಟ್ ತೆರೆದಿರುವ ಡಿಗ್ರಿಯನ್ನು 1700ರಿಂದ ಗುಣಿಸಿ, ಆರ್‌ಪಿಎಂನಿಂದ ಭಾಗಿಸಿ. ಬರುವುದು ಇಂಚು. ನನ್ನದು 190 ಗುಣಿಸು 1700, ಭಾಗಿಸು 9500. ಸರಿಯಾಗಿ 34 ಇಂಚು. ಪಿಸ್ಟನ್ ಮುಖದಿಂದ ಪೈಪಿನ ಹಿಂದಿನ ಕೋನ್‌ಗೆ ಇರಬೇಕಾದ ದೂರ ಅದು. ಹೊಗೆಯ ಅಲೆ ಅಲ್ಲಿಗೆ ಹೋಗಿ ಬಡಿದು ವಾಪಸ್ ಬಂದು, ಹೊರಗೆ ಓಡಿಹೋದ ಹೊಸ ಪೆಟ್ರೋಲ್ ಗಾಳಿಯನ್ನು ಪೋರ್ಟ್ ಮುಚ್ಚುವ ಮುಂಚೆ ಒಳಗೆ ತಳ್ಳುತ್ತದೆ. ಮನೆಗೆ ಬಂದ ನೆಂಟರನ್ನು ಗೇಟಿನಿಂದ ವಾಪಸ್ ಕರೆತಂದು ಊಟಕ್ಕೆ ಕೂರಿಸಿದ ಹಾಗೆ. ಸಿದ್ಧ ಪೈಪುಗಳು ಅಂಗಡಿಯಲ್ಲಿ ಸಿಗುತ್ತವೆ. ಆದರೆ ಯಾವ ಆರ್‌ಪಿಎಂಗೆ ಮಾಡಿದ್ದು ಅಂತ ಕೇಳಿದರೆ ಅಂಗಡಿಯವರು ಬಣ್ಣ ಹೇಳುತ್ತಾರೆ. ಹಾಗಾಗಿ ತಗಡು ಕತ್ತರಿಸಿ ಕೋನ್ ಸುತ್ತಿ ನಾವೇ ವೆಲ್ಡ್ ಮಾಡಿದೆವು. ನೋಡಲಿಕ್ಕೆ ಚೆನ್ನಾಗಿಲ್ಲ.

ಹೆಡ್ಡಿನ ಕೆಲಸ ಲೇತ್ ಮಶೀನಿನ ಸಾಹೇಬರದ್ದು. ನಾನು ಹೆಡ್ ಇಳಿಸಬೇಕು, ಅಂದರೆ ಅದರ ತಳ ಸವೆಸಿ ಪಿಸ್ಟನ್ನಿಗೆ ಹತ್ತಿರ ತರಬೇಕು ಅಂದಾಗ ಅವರು ಎಷ್ಟು ಅಂತ ಕೇಳಿದರು. "ಒಂದು ಎಂಎಂ ಇಳಿಸಿ ಸಾಹೇಬ್ರೇ" ಅಂದೆ. "ಯಾರು ಹೇಳಿದ್ದು ನಿಂಗೆ ಒಂದು? ಮೊದ್ಲು ಅಳ್ಕೊಂಡ್ ಬಾ" ಅಂತ ವಾಪಸ್ ಕಳಿಸಿದರು. ಪಿಸ್ಟನ್ ಪೂರ್ತಿ ಮೇಲೇರಿದಾಗ ಹೆಡ್ಡಿಗೂ ಅದಕ್ಕೂ ಉಳಿಯುವ ಸಂದು ಅಳೆಯುವುದು ಸುಲಭ. ಬೆಸುಗೆ ಹಾಕುವ ಸೀಸದ ತಂತಿ, ಎರಡು ಎಂಎಂ ದಪ್ಪದ್ದು. ಎರಡು ತುಂಡನ್ನು ಪಿಸ್ಟನ್ ಮೇಲೆ, ಗಜನ್ ಪಿನ್ನಿನ (ಪಿಸ್ಟನ್ನನ್ನು ರಾಡಿಗೆ ಸೇರಿಸುವ ಪಿನ್ನು) ನೇರಕ್ಕೆ, ಅಂಚಿನ ತನಕ ಬರುವ ಹಾಗೆ ಗ್ರೀಸಿನಲ್ಲಿ ಅಂಟಿಸಬೇಕು. ಹೆಡ್ ಬಿಗಿದು ಕಿಕ್ಕರ್‌ನಿಂದ ನಿಧಾನಕ್ಕೆ ಒಂದು ಸುತ್ತು. ತೆಗೆದು ಚಪ್ಪಟೆಯಾದ ಜಾಗಕ್ಕೆ ಕ್ಯಾಲಿಪರ್ ಇಟ್ಟರೆ 1.6. ನನಗೆ ಬೇಕಿದ್ದದ್ದು 0.9. ಹಾಗಾಗಿ ಇಳಿಸಿದ್ದು 0.7 ಮಾತ್ರ. ಬುಡದ ಗ್ಯಾಸ್ಕೆಟ್ ತೆಳು ಮಾಡಿಯೂ ಇದನ್ನು ತರಬಹುದು, ಆದರೆ ಆಗ ಸಿಲಿಂಡರೇ ಕೆಳಗೆ ಕೂತು ಕಷ್ಟಪಟ್ಟು ಎತ್ತಿದ ಪೋರ್ಟ್ ಟೈಮಿಂಗ್ ಮತ್ತೆ ಇಳಿದುಹೋಗುತ್ತದೆ.

ಕ್ರ್ಯಾಂಕಿನಲ್ಲಿ ಜಿಪುಣತನ ಮಾಡಲಿಲ್ಲ. ಹೊಸ ಕನೆಕ್ಟಿಂಗ್ ರಾಡ್ ಕಿಟ್, ಸಿ3 ಕ್ಲಿಯರೆನ್ಸಿನ (ಒಳಗೆ ಸ್ವಲ್ಪ ಸಡಿಲ ಜಾಸ್ತಿ ಇರುವ) ಬೇರಿಂಗ್. ಕೊಟ್ಟಿಗೆಯ ತೇವಕ್ಕೆ ಹಳೇ ಬೇರಿಂಗ್ ತುಕ್ಕು ಹಿಡಿದು ಚುಕ್ಕೆ ಬಿದ್ದಿತ್ತು. ಒತ್ತಿ ಕೂರಿಸುವ ಕ್ರ್ಯಾಂಕ್ ಆದ್ದರಿಂದ ಎರಡು ಕಡೆ ನೇರ ಇದೆಯಾ ಅಂತ ಡಯಲ್ ಗೇಜ್ ಇಟ್ಟು ನೋಡಲೇಬೇಕು. ಸಾಹೇಬರು ತಾಮ್ರದ ಸುತ್ತಿಗೆಯಲ್ಲಿ ತಟ್ಟಿ ತಟ್ಟಿ ಮುಳ್ಳನ್ನು 0.03 ಎಂಎಂ ಒಳಗೆ ತಂದರು. ನಡುವೆ ಎರಡು ಸಲ ಟೀ ಆಯಿತು.

ಉಳಿದದ್ದು ಬೇಗ ಮುಗಿಯಿತು. ಫೈಬರ್ ರೀಡು (ಗಾಳಿಯನ್ನು ಒಳಗೆ ಮಾತ್ರ ಬಿಡುವ ತೆಳು ಪಟ್ಟಿ), ಗಟ್ಟಿ ಕ್ಲಚ್ ಸ್ಪ್ರಿಂಗು, ಹಿಂದಿನ ಸ್ಪ್ರಾಕೆಟ್ಟಿಗೆ ಎರಡು ಹಲ್ಲು ಜಾಸ್ತಿ, ಒಂದು ನಂಬರ್ ತಣ್ಣಗಿನ, ಅಂದರೆ ಬಿಸಿ ಬೇಗ ಬಿಡುವ, ಪ್ಲಗ್ಗು. ಆಯಿಲ್ ಪಂಪ್ ತೆಗೆದು ಪೆಟ್ರೋಲಿಗೇ 25:1ರಲ್ಲಿ ಆಯಿಲ್ ಬೆರೆಸಿದೆ. 28ರ ಕಾರ್ಬ್ ಈಗ ಶೆಲ್ಫಿನಿಂದ ಇಳಿಯಿತು. ಈಗ ಅದಕ್ಕೆ ಕೆಲಸ ಇತ್ತು.

ಟ್ರಯಲ್ ಮಾಡಿದ್ದು ಮಾಚೇನಹಳ್ಳಿಯಲ್ಲಿ, ಗೆಳೆಯನ ಜಾಗದ ಒಳಗಿನ ರಸ್ತೆಯಲ್ಲಿ. ಊರಿನ ರಸ್ತೆಯಲ್ಲಿ ಈ ಹುಚ್ಚಾಟ ಬೇಡ. ಶಿವಮೊಗ್ಗದ ಸೋಗಾನೆ ವಿಮಾನ ನಿಲ್ದಾಣದ ರನ್‌ವೇ ಮೂರು ಕಿಲೋಮೀಟರಿಗೂ ಜಾಸ್ತಿ ಇದೆ, ನಮಗೆ ಬೇಕಿರುವುದು 402 ಮೀಟರ್ ಮಾತ್ರ. ಆ ಕಡೆ ಹೋದಾಗಲೆಲ್ಲ ಹೊಟ್ಟೆ ಉರಿಯುತ್ತದೆ. ಇರಲಿ. ನಾಲ್ಕನೇ ಓಟದಲ್ಲಿ ಮೂರನೇ ಗೇರಿನಲ್ಲಿ ಚಕ್ರ ಕಚ್ಚಿಕೊಂಡಿತು. ಕ್ಲಚ್ ಹಿಡಿದದ್ದರಿಂದ ಬೀಳಲಿಲ್ಲ. ಪಿಸ್ಟನ್ ಸೀಜ್, ಅಂದರೆ ಸಿಲಿಂಡರಿಗೆ ಕಚ್ಚಿ ನಿಂತಿತ್ತು.

ಎಲ್ಲರೂ ಮೇನ್ ಜೆಟ್ (ಕಾರ್ಬಿನಲ್ಲಿ ಪೆಟ್ರೋಲ್ ಬಿಡುವ ತೂತು) ಸಣ್ಣದಾಯಿತು ಅಂದರು. ನನಗೂ ಹಾಗೇ ಅನಿಸಿ, ಹೊಸ ಪಿಸ್ಟನ್ ಹಾಕಿ ಜೆಟ್ ಎರಡು ನಂಬರ್ ಏರಿಸಿದೆ. ಆದರೂ ಐಡಲ್ ಒಮ್ಮೊಮ್ಮೆ ತಾನಾಗೇ ಏರುತ್ತಿತ್ತು. ಪುಣ್ಯಕ್ಕೆ ಅದರ ಮೇಲೆ ಸಂಶಯ ಬಂತು. ಎಕ್ಸಾಸ್ಟ್ ಮತ್ತು ಇನ್‌ಟೇಕ್ ಬಾಯಿಗೆ ರಬ್ಬರ್ ತುಂಡು ಕೊಟ್ಟು ಪಟ್ಟಿ ಬಿಗಿದು, ಸೈಕಲ್ ಪಂಪಿನಲ್ಲಿ ಆರು ಪಿಎಸ್‌ಐ ಗಾಳಿ ಹಾಕಿದೆ. ಗೇಜಿನ ಮುಳ್ಳು ಸರಸರ ಇಳಿಯಿತು. ಸೋಪಿನ ನೀರು ಹಚ್ಚಿದರೆ ಮ್ಯಾಗ್ನೆಟ್ ಕಡೆಯ ಕ್ರ್ಯಾಂಕ್ ಸೀಲಿನಲ್ಲಿ ಬುರಬುರ ನೊರೆ. ಕ್ರ್ಯಾಂಕ್, ಬೇರಿಂಗ್ ಎಲ್ಲ ಹೊಸದು ಹಾಕಿದವನು ಸೀಲ್ ಚೆನ್ನಾಗಿದೆ ಅಂತ ಹಳೆಯದನ್ನೇ ಬಿಟ್ಟಿದ್ದೆ. ಎಷ್ಟೋ ವರ್ಷ ಸುಮ್ನೆ ನಿಂತು ರಬ್ಬರ್ ಗಟ್ಟಿಯಾಗಿತ್ತು. ಅಲ್ಲಿಂದ ಕಳ್ಳಗಾಳಿ ಒಳಗೆ ನುಗ್ಗಿ ಪೆಟ್ರೋಲ್ ಅಂಶ ಕಡಿಮೆಯಾಗಿ ಪಿಸ್ಟನ್ ಸುಟ್ಟಿತ್ತು. ಇಡೀ ಇಂಜಿನ್ನಿನಲ್ಲಿ ಅತಿ ಅಗ್ಗದ ಸಾಮಾನು ಅದು. ತಪ್ಪು ಪೂರ್ತಿ ನನ್ನದೇ.

ಡ್ರ್ಯಾಗ್ ಇದ್ದದ್ದು ಚೆನ್ನೈ ಹತ್ತಿರದ ಇರುಂಗಾಟ್ಟುಕೋಟ್ಟೈ ಟ್ರ್ಯಾಕಿನಲ್ಲಿ. ಶಿವಮೊಗ್ಗ ಸಮುದ್ರಮಟ್ಟದಿಂದ ಸುಮಾರು 570 ಮೀಟರ್ ಮೇಲಿದೆ. ಒಂದೇ ಬಿಸಿಲು ಅಂತ ಇಟ್ಟುಕೊಂಡರೆ, ಇಲ್ಲಿನ ಗಾಳಿ ಅಲ್ಲಿನದಕ್ಕಿಂತ ನೂರಕ್ಕೆ ಸುಮಾರು ಆರು ಪಾಲು ತೆಳು. ಗಟ್ಟಿ ಗಾಳಿಗೆ ಪೆಟ್ರೋಲೂ ಜಾಸ್ತಿ ಬೇಕು. ಆದರೆ ಅಲ್ಲಿ ಸೆಕೆ, ತೇವ ಎರಡೂ ಸೇರಿ ಆ ಲಾಭವನ್ನು ಒಂದಿಷ್ಟು ತಿಂದುಹಾಕುತ್ತವೆ. ಅದಕ್ಕೇ ಒಂದೇ ಜೆಟ್ ನಂಬಿ ಹೋಗಲಿಲ್ಲ, ಆರು ಜೆಟ್ ಡಬ್ಬಿಯಲ್ಲಿ ಒಯ್ದೆ. ಬೆಳಗ್ಗೆ ಒಂದು, ಮಧ್ಯಾಹ್ನ ಒಂದು ನಂಬರ್ ಸಣ್ಣದು. ಎಥನಾಲ್ ಬೆರೆತ ಪೆಟ್ರೋಲ್ ಗಾಳಿಯ ನೀರು ಹೀರುತ್ತದೆ, ಮಲೆನಾಡಿನ ಜುಲೈ ಗಾಳಿಯಲ್ಲಂತೂ ಕೇಳಬೇಡಿ. ಹಾಗಾಗಿ ಅಲ್ಲೇ ಹೊಸದಾಗಿ ತುಂಬಿಸಿ ಆಯಿಲ್ ಬೆರೆಸಿದೆ.

ಗೆಲ್ಲಲಿಲ್ಲ, ಹತ್ತಿರವೂ ಬರಲಿಲ್ಲ. ಮೂರೂ ಓಟ ಮುಗಿಸಿ ಇಂಜಿನ್ ಒಂದೇ ತುಂಡಿನಲ್ಲಿ ವಾಪಸ್ ಬಂತು. ಕೊನೇ ಗೇರಿನಲ್ಲಿ ಗೆರೆ ದಾಟುವಾಗ ಪವರ್ ಆಗಲೇ ಇಳಿಯುತ್ತಿದ್ದದ್ದು ಗೊತ್ತಾಗುತ್ತಿತ್ತು. ನನ್ನ ಜೊತೆಗಿದ್ದ ಹುಡುಗ "ಅಣ್ಣಾ, ಪೈಪ್ ಒಂದ್ ಇಂಚು ಕಡಿಮೆ ಮಾಡಣಾ?" ಅಂತ ದಾರಿಯುದ್ದಕ್ಕೂ ಕೇಳಿದ. 33 ಇಂಚಾದರೆ 9800ರ ಹತ್ತಿರ ಹೋಗುತ್ತದೆ. ಮಳೆ ಶುರುವಾಗಿದೆ. ಕ್ರ್ಯಾಂಕ್ ಬಿಚ್ಚಿ ಆಯಿಲ್ ಬಟ್ಟೆಯಲ್ಲಿ ಸುತ್ತಿ ಅಟ್ಟಕ್ಕೆ ಹಾಕಿದ್ದೇನೆ. ಪೈಪು ಬೆಂಚಿನ ಮೇಲಿದೆ, ಕತ್ತರಿಸಬೇಕಾದಲ್ಲಿ ಸೀಮೆಸುಣ್ಣದ ಗೆರೆ ಹಾಕಿದ್ದಾಗಿದೆ.