ಕೊಲೆಯ ಕಾದಂಬರಿಯನ್ನು ಅಡುಗೆಮನೆಯಿಂದ ಬರೆದೆ

"ಅಡುಗೆಯವನ ಬಾಯಲ್ಲಿ ಕೊಲೆಯ ಕಥೆಯೇ? ಮಾರಾಯರೇ, ಬಾಗಿಲಿನ ಆಚೆ ನಡೆದದ್ದು ಅವನಿಗೆ ಹೇಗೆ ಗೊತ್ತಾಗಬೇಕು?" ಉಡುಪಿಯ ಗೆಳೆಯರು ಹಸ್ತಪ್ರತಿ ಮುಟ್ಟುವ ಮೊದಲೇ ಹೀಗೆಂದಿದ್ದರು. ಅಚ್ಚು ಹಾಕಿಸಿದ 500 ಪ್ರತಿಗಳಲ್ಲಿ ಈಗ ಉಳಿದಿರುವುದು ಮೂವತ್ತೋ ನಲವತ್ತೋ.

ಬೀಜ ನಾನಾವತಿ ಪ್ರಕರಣದ್ದು. 1959ರ ಏಪ್ರಿಲ್ 27ರಂದು ಮುಂಬಯಿಯಲ್ಲಿ ನೌಕಾಪಡೆಯ ಕಮಾಂಡರ್ ತನ್ನ ಹೆಂಡತಿಯ ಪ್ರಿಯಕರ ಪ್ರೇಮ್ ಅಹುಜಾನನ್ನು ಗುಂಡಿಟ್ಟು ಕೊಂದದ್ದು, ಜ್ಯೂರಿ 8–1ರಲ್ಲಿ ಬಿಟ್ಟದ್ದು, ಆಮೇಲೆ ಹೈಕೋರ್ಟ್ ಕೊಟ್ಟ ಜೀವಾವಧಿ ಶಿಕ್ಷೆಯನ್ನು 1961ರಲ್ಲಿ ಸುಪ್ರೀಂ ಕೋರ್ಟ್ ಎತ್ತಿಹಿಡಿದದ್ದು ನಿಮಗೆಲ್ಲ ಗೊತ್ತು. ನಾನು ಕಥೆಯನ್ನು ಮಂಗಳೂರಿನ ಗುಡ್ಡದ ಮೇಲಿನ ಹಂಚಿನ ಕಾರ್ಖಾನೆಯ ಧಣಿಗಳ ಬಂಗಲೆಗೆ ತಂದೆ. ಮೊದಲು ವಕೀಲನಿಂದ ಹೇಳಿಸಿದೆ. ಮುನ್ನೂರು ಪುಟ, ಬರೀ ಕೋರ್ಟು. ಆಮೇಲೆ ಹೆಂಡತಿಯಿಂದ ಹೇಳಿಸಿದೆ, ಪುಟಪುಟವೂ ಕಣ್ಣೀರು. ಎರಡೂವರೆ ವರ್ಷ ಹೋಯಿತು. ಪ್ರಕಾಶಕರೊಬ್ಬರು ಇಪ್ಪತ್ತು ಸಾವಿರ ಮುಂಗಡ ಪಡೆದರು. ಪುಸ್ತಕವೂ ಬರಲಿಲ್ಲ, ಹಣವೂ ಬರಲಿಲ್ಲ.

ಮತ್ತೆ ತೀರ್ಪು ಓದಲು ಕುಳಿತಾಗ ಟವೆಲಿನ ಮಾತು ಹಿಡಿದು ನಿಲ್ಲಿಸಿತು. ಅಹುಜಾ ಸ್ನಾನ ಮುಗಿಸಿ ಟವೆಲ್ ಸುತ್ತಿಕೊಂಡಿದ್ದ. ಮೂರು ಗುಂಡು ಬಿದ್ದ ಮೇಲೂ ಅದು ಸೊಂಟದಲ್ಲೇ ಇತ್ತು. ರಿವಾಲ್ವರಿಗಾಗಿ ಹೊಯ್‌ಕೈ ನಡೆದಿದ್ದರೆ ಉಳಿಯುತ್ತಿತ್ತೇ ಎಂಬುದು ಸರ್ಕಾರಿ ಪಕ್ಷದ ವಾದ. ನಾನೂ ಬೈರಾಸು ಸುತ್ತಿಕೊಂಡು ಅಳಿಯನಿಂದ ತಳ್ಳಿಸಿಕೊಂಡೆ. ಮೂರನೆಯ ತಳ್ಳಿಗೆ ಬಿಚ್ಚಿ ಬಿತ್ತು. ಬಿದ್ದ ಬೈರಾಸನ್ನು ಹೆಕ್ಕುವಾಗಲೇ ಹೊಳೆಯಿತು: ದೊಡ್ಡಮನೆಯ ಬಟ್ಟೆ, ಹಾಸಿಗೆ, ಎಂಜಲು ತಟ್ಟೆ ನೋಡುವವರು ಕೆಲಸದವರು ಮಾತ್ರ.

ಹಾಗೆ ಅಡುಗೆಯವನು ಬಂದ. ಅವನು ಕಾಣದ, ಕೇಳದ ಒಂದು ಸಾಲೂ ಬೇಡ ಎಂದು ಹಟ ಹಿಡಿದೆ. ಮಾಳಿಗೆಗೆ ಎಷ್ಟು ಕಾಫಿ ಹೋಯಿತು, ಯಾರ ತಟ್ಟೆ ಮುಟ್ಟದೆ ವಾಪಸು ಬಂತು, ಅಷ್ಟೇ. ಕೊಲೆಯ ಮುನ್ನಾದಿನ ಮಧ್ಯಾಹ್ನ ಧಣಿಗಳ ಹೆಂಡತಿ ಅಡುಗೆಮನೆಯ ಹೊಸ್ತಿಲಲ್ಲಿ ನಿಂತು, "ನಾಳೆಗೆ ಒಂದು ಕುಡ್ತೆ ಅಕ್ಕಿ ಕಡಿಮೆ ನೆನೆಹಾಕು" ಎನ್ನುತ್ತಾಳೆ. ಅವನು ಅಳೆದು ಹಾಕುತ್ತಾನೆ. ವಕೀಲನ ಮುನ್ನೂರು ಪುಟ ಮಾಡದ ಕೆಲಸವನ್ನು ಆ ಕುಡ್ತೆ ಮಾಡಿತು.

ನಡುವೆ ಇನ್‌ಸ್ಪೆಕ್ಟರನ ವಿಚಾರಣೆಯನ್ನು ತಾಳಮದ್ದಳೆಯ ಅರ್ಥಗಾರಿಕೆಯಂತೆ ಬರೆದು ನೋಡಿದೆ. ಅಡುಗೆಯವನು ಸಂಧಾನಕ್ಕೆ ಬಂದ ಕೃಷ್ಣನಂತೆ ವಾದಿಸತೊಡಗಿದ. ಹನ್ನೆರಡು ಪುಟ ಕಿತ್ತೆ, ಎರಡು ಮಾತು ಉಳಿಸಿದೆ.

ಊರಿನಲ್ಲಿ ಕೇಳಿದ ಗುಟ್ಟುಗಳೂ ಒಳಗಿವೆ. ಕಸುಬು, ಊರು, ಮಕ್ಕಳ ಸಂಖ್ಯೆ, ಈ ಮೂರನ್ನು ಬದಲಿಸುತ್ತೇನೆ. ನಾಲ್ಕನೆಯದನ್ನು ಹೇಳುವುದಿಲ್ಲ, ಅದು ನನ್ನಲ್ಲೇ ಇರಲಿ. ಆದರೂ ಎರಡು ಮನೆಯವರು "ಇದು ನಮ್ಮದೇ ಅಲ್ಲವೇ?" ಎಂದು ಕೇಳಿದರು. ಆ ಎರಡು ಮನೆಗಳ ಸುದ್ದಿ ನನಗೆ ಗೊತ್ತೇ ಇರಲಿಲ್ಲ!

ಸೊಸೈಟಿಯ ಠೇವಣಿ ಮುರಿದು ಅಚ್ಚಿಗೆ ಸುಮಾರು ಅರವತ್ತೈದು ಸಾವಿರ ಹಾಕಿದ್ದೆ. ಬೆಲೆ 220. ಅಂಗಡಿಯವರ ಕಮಿಷನ್ ಕಳೆದು ಅಚ್ಚಿನ ಹಣ ಮರಳಿದೆ. ಆ ಇಪ್ಪತ್ತು ಸಾವಿರ ಮಾತ್ರ ಹೋದದ್ದೇ.

ಮುಂಬಯಿಯ ಹೋಟೆಲುಗಳಲ್ಲಿ ದುಡಿದು ಊರಿಗೆ ಮರಳಿದ ಹಿರಿಯ ಅಡುಗೆಯವರೊಬ್ಬರು ಮೊನ್ನೆ ಫೋನ್ ಮಾಡಿದ್ದರು. "ಅಕ್ಕಿ ಕಡಿಮೆ ಮಾಡಿದ್ದೀರಿ, ಉದ್ದು ಯಾಕೆ ಕಡಿಮೆ ಮಾಡಲಿಲ್ಲ? ಅವನು ಅಲ್ಲೇ ಕೇಳಬೇಕಿತ್ತು." ಎರಡನೆಯ ಮುದ್ರಣದಲ್ಲಿ ಅವನು ಕೇಳುತ್ತಾನೆ.